ಕಾಲು ಹೋದ ಮೇಲೆ ಹೊಟ್ಟೆಗೇಕೆ ವ್ಯಾಯಾಮ?

ಕಾಲು ಕಳೆದುಕೊಂಡವರು ಫಿಸಿಯೋಥೆರಪಿಗೆ ಬಂದ ಹೊಸತರಲ್ಲೇ ಕೇಳುವ ಮಾತೊಂದಿದೆ. "ಮೇಡಂ, ಹೋಗಿರೋದು ಕಾಲು. ನೀವು ನೋಡಿದ್ರೆ ಹೊಟ್ಟೆ ಎಳ್ಕೊಳ್ಳಿ, ಉಸಿರು ಬಿಡಿ ಅಂತೀರಿ. ಹೊಸ ಕಾಲು ಯಾವಾಗ ಹಾಕ್ತೀರಾ, ಅದು ಹೇಳಿ." ಅವರು ಕೇಳೋದು ಸರಿಯಾಗೇ ಇದೆ. ಕಾಲಿಗೆ ಪೆಟ್ಟು ಬಿದ್ದರೆ ಕಾಲಿಗೆ ಮದ್ದು ಅನ್ನೋದು ಎಲ್ಲರಿಗೂ ಗೊತ್ತಿರುವ ಲೆಕ್ಕ.

ಆದರೆ ಕೃತಕ ಕಾಲಿಗೆ ಸ್ವಂತ ಸ್ನಾಯು ಇರುವುದಿಲ್ಲ. ಅದನ್ನು ಎತ್ತುವುದು, ಮುಂದಕ್ಕೆ ತರುವುದು, ನೆಲಕ್ಕೆ ಒತ್ತಿ ಅದರ ಮೇಲೆ ನಿಲ್ಲುವುದು ಎಲ್ಲ ಸೊಂಟದ ಕೀಲಿನ ಕೆಲಸ. ಆ ಕೀಲು ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಮೇಲಿರುವ ಹೊಟ್ಟೆ, ಬೆನ್ನು ಗಟ್ಟಿಯಾಗಿ ನಿಂತಿರಬೇಕು. ಕಾಲು ಎಷ್ಟೇ ದುಬಾರಿಯದಾಗಿರಲಿ, ಮೇಲಿನವರು ಕೆಲಸ ಮಾಡದಿದ್ದರೆ ಅದು ಮೂಲೆ ಸೇರುತ್ತದೆ. ಪಿಲಾಟೀಸ್ ಅನ್ನುವ ವ್ಯಾಯಾಮ ಪದ್ಧತಿ ಪುನಶ್ಚೇತನ ವಿಭಾಗಕ್ಕೆ ಬಂದದ್ದು ಈ ಕಾರಣಕ್ಕೆ. ಜಿಮ್ ಜಾಹೀರಾತುಗಳಲ್ಲಿ ಕಾಣುವ ಪಿಲಾಟೀಸ್‌ಗೂ ಇದಕ್ಕೂ ಹೆಸರು ಒಂದೇ. ಮಾಡುವ ರೀತಿ ಬಹಳ ಬೇರೆ.

ಮಂಡಿಯ ಮೇಲೆ, ಅಂದರೆ ತೊಡೆಯ ಮಟ್ಟದಲ್ಲಿ ಕಾಲು ತೆಗೆದವರನ್ನೇ ಇಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಳ್ಳೋಣ. ಮಂಡಿ ಕೆಳಗೆ ಹೋದವರಿಗೆ ಕಷ್ಟ ಇಲ್ಲ ಅಂತಲ್ಲ. ಆದರೆ ಸ್ವಂತ ಮಂಡಿ ಉಳಿಯುವುದು ಬಹಳ ದೊಡ್ಡ ಲಾಭ. ತೊಡೆಯಲ್ಲಿ ಕತ್ತರಿಸಿದಾಗ ಏನೇನು ಹೋಗುತ್ತದೆ ಅಂತ ನೋಡಿದರೆ ಈ ವ್ಯಾಯಾಮದ ತರ್ಕ ತಾನಾಗಿ ಅರ್ಥವಾಗುತ್ತದೆ.

ಮೊದಲು ತೂಕ. ಒಂದು ಇಡೀ ಕಾಲು ನಮ್ಮ ತೂಕದ ಸುಮಾರು ಶೇ 16ರಷ್ಟು ಇರುತ್ತದೆ. ಅದರಲ್ಲಿ ತೊಡೆಯದು ಶೇ 10, ಮಂಡಿಯಿಂದ ಕೆಳಗೆ ಪಾದ ಸೇರಿ ಶೇ 6. 60 ಕೆ.ಜಿ. ಇರುವವರಿಗೆ ತೊಡೆಯ ಮಧ್ಯದಲ್ಲಿ ಕಾಲು ತೆಗೆದರೆ ಒಂದು ಪಕ್ಕದಲ್ಲಿ ಆರೂವರೆ ಕೆ.ಜಿ. ಹತ್ತಿರ ಖಾಲಿಯಾಯಿತು. ದೇಹದ ತೂಕದ ಮಧ್ಯಬಿಂದು ಸ್ವಲ್ಪ ಮೇಲಕ್ಕೂ ಒಳ್ಳೆಯ ಕಾಲಿನ ಕಡೆಗೂ ಸರಿಯುತ್ತದೆ. ಮಲಗಿದಲ್ಲಿ ಮಗ್ಗುಲು ಬದಲಿಸುವಾಗಲೇ ಇದು ಗೊತ್ತಾಗುತ್ತದೆ. ಮೊದಲು ಸುಲಭವಾಗಿ ಹೊರಳುತ್ತಿದ್ದ ಕಡೆಗೆ ಈಗ ಹೊರಳಲು ಆಗುವುದಿಲ್ಲ, ಇನ್ನೊಂದು ಕಡೆಗೆ ಹೊರಟರೆ ದಪ್ಪನೆ ಬೀಳುತ್ತಾರೆ.

ಎರಡನೆಯದು ಕಣಕಾಲು ಮತ್ತು ಅಂಗಾಲು. ನಾವು ಸುಮ್ನೆ ನಿಂತಿದ್ದೇವೆ ಅಂದುಕೊಂಡಾಗಲೂ ಮೈ ಹಿಂದೆ ಮುಂದೆ ತುಸು ತೂಗುತ್ತಲೇ ಇರುತ್ತದೆ. ಅದನ್ನು ಅಂಗಾಲು ಗುರುತಿಸುತ್ತದೆ, ಕಣಕಾಲಿನ ಸ್ನಾಯುಗಳು ಸರಿಪಡಿಸುತ್ತವೆ. ನಮಗೆ ಅದರ ಅರಿವೇ ಇರುವುದಿಲ್ಲ. ಕೃತಕ ಪಾದಕ್ಕೆ ಈ ಎರಡೂ ಇಲ್ಲ. ಕೆಲಸ ನಿಲ್ಲುವ ಹಾಗಿಲ್ಲವಲ್ಲ, ಸೊಂಟದ ಕೀಲು ಮತ್ತು ಮುಂಡ ಅದನ್ನು ವಹಿಸಿಕೊಳ್ಳಬೇಕು. ಕಾಲು ಕಳೆದುಕೊಂಡು ಮನೆಗೆ ಮರಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ ಎಂದು ಸಮೀಕ್ಷೆಗಳು ತೋರಿಸಿವೆ. ಬಿದ್ದವರು ಹೊರಗೆ ಹೋಗಲು ಹೆದರುತ್ತಾರೆ, ಹೋಗದಿದ್ದರೆ ಸ್ನಾಯು ಇನ್ನೂ ಸೊರಗುತ್ತದೆ.

ಮೂರನೆಯದೇ ಮುಖ್ಯ. ತೊಡೆಯ ಸುತ್ತಲಿನ ಸ್ನಾಯುಗಳು ನಾಲ್ಕು ದಿಕ್ಕಿಗೆ ಎಳೆಯುತ್ತಾ ಸಮತೋಲದಲ್ಲಿರುತ್ತವೆ. ತೊಡೆಯನ್ನು ಮುಂದಕ್ಕೆ ಎತ್ತುವ ಸ್ನಾಯು ತೊಡೆಮೂಳೆಯ ಮೇಲ್ತುದಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಏನೂ ಆಗುವುದಿಲ್ಲ. ಹೊರಗೆ ಎಳೆಯುವುದೂ ಹಾಗೆಯೇ. ಆದರೆ ತೊಡೆಯ ಹಿಂಭಾಗದ ಉದ್ದದ ಸ್ನಾಯುಗಳು ಮಂಡಿಯ ಕೆಳಗೆ ಹೋಗಿ ಸೇರುತ್ತವೆ, ಅವು ತುಂಡಾಗುತ್ತವೆ. ತೊಡೆಗಳನ್ನು ಹತ್ತಿರ ತರುವ ದೊಡ್ಡ ಸ್ನಾಯು ಮಂಡಿಯ ತನಕ ಬರುತ್ತದೆ, ಅದೂ ತುಂಡಾಗುತ್ತದೆ. ಈಗಿನ ಸರ್ಜನ್‌ಗಳು ಅದನ್ನು ಎಳೆದು ಮೂಳೆಗೆ ಹೊಲಿದು ಬಿಗಿಯುತ್ತಾರೆ, ಅದರಿಂದ ಬಹಳ ಉಪಕಾರವಾಗಿದೆ. ಆದರೂ ಹಗ್ಗಜಗ್ಗಾಟದಲ್ಲಿ ಮುಂದಕ್ಕೆ ಮತ್ತು ಹೊರಕ್ಕೆ ಎಳೆಯುವವರದೇ ಮೇಲುಗೈ. ಸ್ಟಂಪ್, ಅಂದರೆ ಉಳಿದ ತೊಡೆ, ನಿಧಾನವಾಗಿ ಮೇಲಕ್ಕೂ ಹೊರಕ್ಕೂ ತಿರುಗಿ ಅಲ್ಲೇ ಬಿಗಿದುಕೊಳ್ಳುತ್ತದೆ.

ಮನೆಯವರ ಪ್ರೀತಿ ಇದಕ್ಕೆ ಇನ್ನಷ್ಟು ಗೊಬ್ಬರ ಹಾಕುತ್ತದೆ. ನೋವಾಗುತ್ತೆ ಪಾಪ ಅಂತ ಸ್ಟಂಪ್ ಕೆಳಗೆ ಮೆತ್ತನೆ ದಿಂಬು ಇಡುತ್ತಾರೆ. ಅಥವಾ ದಿನವಿಡೀ ವೀಲ್‌ಚೇರಿನಲ್ಲಿ, ಟಿವಿ ಮುಂದೆ ಸೋಫಾದಲ್ಲಿ ಕೂರಿಸುತ್ತಾರೆ. ಆ ಕ್ಷಣಕ್ಕೆ ಹಾಯೆನಿಸುವುದು ನಿಜ. ಕೆಲವು ವಾರ ಕಳೆದರೆ ತೊಡೆ ನೇರವಾಗಿ ಚಾಚುವುದೇ ಇಲ್ಲ. ಹಾಗೆ ಮಡಿಸಿಕೊಂಡ ತೊಡೆಗೆ ಕೃತಕ ಕಾಲು ಹಾಕಿದರೆ ನಿಲ್ಲಲು ಬೆನ್ನನ್ನು ಒಳಗೆ ಬಗ್ಗಿಸಲೇಬೇಕು. ಹೊಟ್ಟೆ ಮುಂದೆ, ಪಿರ್ರೆ ಹಿಂದೆ, ಸೊಂಟದ ಬಳಿ ಆಳವಾದ ಬಾಗು. ಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೆನ್ನುನೋವು ಕಾಡುತ್ತದೆ ಅಂದರೆ ಆಶ್ಚರ್ಯ ಏನಿದೆ? ಎಷ್ಟೋ ಜನರಿಗೆ ಸ್ಟಂಪ್ ನೋವಿಗಿಂತ ಬೆನ್ನಿನದೇ ದೊಡ್ಡ ತಲೆನೋವು.

ಇಲ್ಲಿಗೆ ಒಂದು ಅಂದಾಜು ಅಂಕಿಯನ್ನೂ ಸೇರಿಸಿಬಿಡೋಣ. ಒಂದೇ ದೂರ ನಡೆಯಲು ಮಂಡಿ ಕೆಳಗೆ ಕಾಲು ಹೋದವರಿಗೆ ಮೊದಲಿಗಿಂತ ಸುಮಾರು ಶೇ 25ರಷ್ಟು ಜಾಸ್ತಿ ಶಕ್ತಿ ಬೇಕು. ಮಂಡಿ ಮೇಲೆ ಹೋದವರಿಗೆ ಅರ್ಧಕ್ಕಿಂತಲೂ ಜಾಸ್ತಿ. ವಯಸ್ಸಾಗಿ, ರಕ್ತನಾಳ ಕಟ್ಟಿ ಕಾಲು ತೆಗೆದಿದ್ದರೆ ದುಪ್ಪಟ್ಟಿನ ಹತ್ತಿರ ಹೋಗಬಹುದು. ವಾಲಾಡಿಕೊಂಡು ನಡೆದಷ್ಟೂ ಈ ಖರ್ಚು ಏರುತ್ತದೆ.

ಈಗ ಪಿಲಾಟೀಸ್ ಕಡೆ ಬರೋಣ. ಜೋಸೆಫ್ ಪಿಲಾಟೀಸ್ ಎಂಬಾತ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮೋನ್ಷೆನ್‌ಗ್ಲಾಡ್‌ಬಾಖ್‌ನಲ್ಲಿ. ಚಿಕ್ಕಂದಿನಲ್ಲಿ ರೋಗಿಷ್ಠ ಹುಡುಗ. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ. ಜರ್ಮನ್ ಪ್ರಜೆ ಅನ್ನುವ ಕಾರಣಕ್ಕೆ ಬ್ರಿಟಿಷರು ಅವನನ್ನು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇಟ್ಟರು. ಅಲ್ಲಿ ಹಾಸಿಗೆ ಹಿಡಿದ ಕೈದಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ವ್ಯಾಯಾಮ ಮಾಡಿಸಿದ ಎಂಬ ಕತೆ ಇದೆ. ಎಷ್ಟು ನಿಜವೋ, ಪಿಲಾಟೀಸ್ ಸ್ಟುಡಿಯೋಗಳು ಮಾತ್ರ ಇದನ್ನು ಹೇಳದೆ ಬಿಡುವುದಿಲ್ಲ. 1926ರಲ್ಲಿ ಅಮೆರಿಕಕ್ಕೆ ಹೋಗಿ, ಹೆಂಡತಿ ಕ್ಲಾರಾ ಜೊತೆ ನ್ಯೂಯಾರ್ಕಿನಲ್ಲಿ ಸ್ಟುಡಿಯೋ ನಡೆಸಿದ. ಬರುತ್ತಿದ್ದವರಲ್ಲಿ ಪೆಟ್ಟು ಮಾಡಿಕೊಂಡ ನರ್ತಕರೇ ಜಾಸ್ತಿ. ತನ್ನ ಪದ್ಧತಿಯನ್ನು ಅವನು ಕರೆದದ್ದು ಕಂಟ್ರಾಲಜಿ ಅಂತ. 1967ರಲ್ಲಿ ತೀರಿಕೊಂಡ. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು ಪಿಲಾಟೀಸ್ ಅನ್ನುವುದು ಯಾರ ಟ್ರೇಡ್‌ಮಾರ್ಕೂ ಅಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ ಬೀದಿಗೊಂದು ಪಿಲಾಟೀಸ್.

ಅದೇ ಯುದ್ಧ ಬ್ರಿಟನ್ನಿನಲ್ಲಿ ಸುಮಾರು 41,000 ಸೈನಿಕರ ಕೈ ಅಥವಾ ಕಾಲು ತಿಂದುಹಾಕಿತು. ಅವರಿಗಾಗಿಯೇ 1915ರಲ್ಲಿ ಲಂಡನ್ ಹತ್ತಿರದ ರೋಹ್ಯಾಂಪ್ಟನ್‌ನಲ್ಲಿ ಆಸ್ಪತ್ರೆ ತೆರೆದರು. ಕೃತಕ ಕಾಲು ಹಾಕಿ ನಡೆಯಲು ಕಲಿಸುವ ವಿದ್ಯೆ ಅಲ್ಲಿ ಬೆಳೆಯಿತು. ಪಿಲಾಟೀಸ್ ಬೇರೆ ದಾರಿಯಲ್ಲಿ ಬೆಳೆಯಿತು. ಎರಡೂ ಕೂಡಿದ್ದು ಬಹಳ ತಡವಾಗಿ, ಫಿಸಿಯೋಥೆರಪಿಸ್ಟ್‌ಗಳು ಬೆನ್ನುನೋವಿಗೆಂದು ಈ ಪದ್ಧತಿಯನ್ನು ಆಸ್ಪತ್ರೆಗೆ ತಂದ ಮೇಲೆ.

ಏನಿದೆ ಇದರಲ್ಲಿ? ಹೊಟ್ಟೆಯ ಆಳದಲ್ಲಿ ಅಡ್ಡಡ್ಡ ಸುತ್ತಿಕೊಂಡಿರುವ ಸ್ನಾಯು, ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳು, ಮೇಲೆ ಉಸಿರಾಟದ ಸ್ನಾಯುವಾದ ವಪೆ, ಕೆಳಗೆ ಕಟಿಯ ತಳದ ಸ್ನಾಯುಗಳು. ಇವೆಲ್ಲ ಸೇರಿ ಸೊಂಟವನ್ನು ಅಲುಗಾಡದಂತೆ ಹಿಡಿದಿಡುತ್ತವೆ. ಆಸ್ಟ್ರೇಲಿಯಾದ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ ಒಂದು ಸಂಗತಿ ತೋರಿಸಿದರು. ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ಈ ಆಳದ ಸ್ನಾಯು ಎಚ್ಚರವಾಗಿರುತ್ತದೆ. ಬೆನ್ನುನೋವು ಇರುವವರಲ್ಲಿ ಅದು ತಡವಾಗಿ ಏಳುತ್ತದೆ. ಈ ಅಧ್ಯಯನ ಬಂದ ಮೇಲೆ "ಕೋರ್" ಅನ್ನುವ ಮಾತು ಜಗತ್ತಿನ ಜಿಮ್‌ಗಳಲ್ಲೆಲ್ಲ ಹಬ್ಬಿತು. ಹಬ್ಬಿದ್ದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ. ಆ ಒಂದು ಸ್ನಾಯು ಸರಿಹೋದರೆ ಎಲ್ಲ ಸರಿ ಅನ್ನುವಷ್ಟು ಸರಳ ವಿಷಯ ಅಲ್ಲ ಇದು. ಪಿಲಾಟೀಸ್‌ನಲ್ಲಿ ಒಳ್ಳೆಯದು ಅನಿಸುವುದು ಬೇರೆ. ಕೈಕಾಲು ಆಡಿಸುವಾಗ ಸೊಂಟ ಆಚೀಚೆ ಹೋಗದ ಹಾಗೆ ನೋಡಿಕೊಳ್ಳುವುದು, ನಿಧಾನವಾಗಿ ಮಾಡುವುದು, ಉಸಿರನ್ನು ಚಲನೆಗೆ ಹೊಂದಿಸುವುದು. ಕಾಲು ಕಳೆದುಕೊಂಡವರಿಗೆ ಬೇಕಾಗಿರುವುದೂ ಇದೇ ತಾನೇ?

ಇದು ಯೋಗ ಅಲ್ವಾ, ಅಂತ ನೀವು ಕೇಳಬಹುದು. ಹೋಲಿಕೆ ಬಹಳ ಇದೆ. ಸೇತುಬಂಧಾಸನ, ಭುಜಂಗಾಸನಗಳ ಹತ್ತಿರದ ಭಂಗಿಗಳು ಅಲ್ಲಿ ಬೇರೆ ಹೆಸರಲ್ಲಿ ಸಿಗುತ್ತವೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಬೆಲ್ಟು, ಮರದ ತುಂಡುಗಳನ್ನು ಆಸರೆಯಾಗಿ ಬಳಸಿ ಆಸನ ಕಲಿಸಿದವರು. ಮೈಗೆ ತಕ್ಕಂತೆ ಆಸನವನ್ನು ಬದಲಿಸುವ ಆ ಬುದ್ಧಿ ಇಲ್ಲಿಗೂ ಬೇಕು. ಕಾಲು ಹೋದವರ ಸೊಂಟ ಹೇಗೆ ವಾಲುತ್ತದೆ ಅಂತ ಗೊತ್ತಿರುವ ಯೋಗ ಶಿಕ್ಷಕರು ಸಿಕ್ಕರೆ ಪಿಲಾಟೀಸ್ ಅನ್ನುವ ಹೆಸರೇ ಬೇಕಂತಿಲ್ಲ.

ಶುರು ಮಾಡುವುದು ಉಸಿರಿನಿಂದ. ಇದಕ್ಕೆ ಗಾಯ ಮಾಯುವ ತನಕ ಕಾಯಬೇಕಿಲ್ಲ. ಡಾಕ್ಟರು ಒಪ್ಪಿದರೆ ಆಸ್ಪತ್ರೆಯ ಮಂಚದ ಮೇಲೇ ಶುರು. ಟವೆಲನ್ನು ಪಕ್ಕೆಲುಬಿನ ಕೆಳಭಾಗಕ್ಕೆ ಸುತ್ತಿ ಎರಡು ತುದಿಗಳನ್ನು ಎದೆ ಮುಂದೆ ಹಿಡಿಯಬೇಕು. ಉಸಿರು ಎಳೆದುಕೊಂಡಾಗ ಪಕ್ಕೆಗಳು ಟವೆಲನ್ನು ಹೊರಗೆ ತಳ್ಳಬೇಕು. ಬಿಡುವಾಗ ಹೊಕ್ಕುಳಿನ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಗೆ ತರಬೇಕು. ಜೋರಾಗಿ ಬಿಗಿದರೆ ಮೇಲಿನ ಸ್ನಾಯುಗಳೇ ಕೆಲಸ ಕಿತ್ತುಕೊಳ್ಳುತ್ತವೆ. ಮಾತಾಡಲು ಆಗುವಷ್ಟು ಸಡಿಲ ಇರಲಿ. ಉಸಿರು ಕಟ್ಟಬಾರದು. ಬಿ.ಪಿ. ಇರುವವರು, ಹೃದಯದ ತೊಂದರೆ ಇರುವವರು ಉಸಿರು ಬಿಗಿಹಿಡಿದು ತಿಣುಕಿದರೆ ಒತ್ತಡ ದಿಢೀರನೆ ಏರುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಲ್ಲಿ ಈ ತೊಂದರೆಗಳು ಜೊತೆಗೇ ಇರುವುದು ಹೆಚ್ಚು.

ಆಮೇಲೆ ಬೋರಲು ಮಲಗುವುದು. ವ್ಯಾಯಾಮ ಅಂತಲೇ ಅನಿಸದ ವ್ಯಾಯಾಮ ಇದು. ದಿನಕ್ಕೆ ಎರಡು ಮೂರು ಸಲ, 15–20 ನಿಮಿಷ. ತಲೆ ಒಳ್ಳೆಯ ಕಾಲಿನ ಕಡೆಗೆ ತಿರುಗಿರಲಿ, ತೊಡೆಗಳು ಹತ್ತಿರ ಇರಲಿ, ಸ್ಟಂಪ್ ಕೆಳಗೆ ಏನೂ ಬೇಡ. ಹೀಗೆ ಮಲಗಲು ಆಗದಷ್ಟು ದಮ್ಮು ಇರುವವರಿಗೆ ಬೇರೆ ದಾರಿ ಇದೆ. ಅಂಗಾತ ಮಲಗಿ ಒಳ್ಳೆಯ ಕಾಲಿನ ಮಂಡಿಯನ್ನು ಎದೆಗೆ ಅಪ್ಪಿಕೊಂಡು, ಸ್ಟಂಪನ್ನು ಹಾಸಿಗೆಗೆ ಒತ್ತುವುದು. ಮಂಡಿ ಅಪ್ಪಿಕೊಂಡಾಗ ಸೊಂಟ ಒಂದೇ ಕಡೆ ಲಾಕ್ ಆಗುತ್ತದೆ. ಬೆನ್ನು ಬಾಗಿಸಿ ಮೋಸ ಮಾಡಲು ಆಗುವುದಿಲ್ಲ. ಸ್ಟಂಪ್ ಹಾಸಿಗೆಯಿಂದ ಮೇಲೆದ್ದರೆ ಎಷ್ಟು ಬಿಗಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಮೆತ್ತನೆಯ ಫೋಮ್ ಹಾಸಿಗೆಯಲ್ಲಿ ಇದು ಯಾವುದೂ ಸರಿಬರುವುದಿಲ್ಲ. ಹಲಗೆ ಮಂಚಕ್ಕೆ ಒಂದು ಜಮಖಾನ ಹಾಸಿದರೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟ ಸೇತುವೆ. ಮಾಮೂಲಿ ಪಿಲಾಟೀಸ್‌ನಲ್ಲಿ ಎರಡೂ ಮಂಡಿ ಮಡಿಸಿ, ಪಾದ ಊರಿ, ಸೊಂಟ ಎತ್ತುತ್ತಾರೆ. ಇಲ್ಲಿ ಪಾದವೇ ಇಲ್ಲದ ಕಡೆ ಏನು ಊರುವುದು? ಸ್ಟಂಪ್ ಕೆಳಗೆ ಗಟ್ಟಿಯಾಗಿ ಸುತ್ತಿದ ಟವೆಲ್ ಇಡಬೇಕು. ಎರಡು ಟವೆಲ್ ಸೇರಿಸಿ ಸುತ್ತಿ, ದಾರ ಕಟ್ಟಿದರೆ ಜಾರುವುದಿಲ್ಲ. ತುದಿಯಲ್ಲಿ ಹೊಲಿಗೆ ಇರುವ ಜಾಗಕ್ಕೆ ಒತ್ತು ಬೀಳಬಾರದು, ಅದಕ್ಕಿಂತ ಸ್ವಲ್ಪ ಮೇಲೆ ಇಡಿ. ಈಗ ಆ ಸುರುಳಿಯನ್ನು ಕೆಳಕ್ಕೆ ಒತ್ತುತ್ತಾ, ಉಸಿರು ಬಿಡುತ್ತಾ ಸೊಂಟ ಎತ್ತಬೇಕು. ಮೊದಮೊದಲು ಎರಡು ಬೆರಳು ತೂರುವಷ್ಟು ಎತ್ತಿದರೂ ಸಾಕು. ನೋಡಬೇಕಾದದ್ದು ಎತ್ತರ ಅಲ್ಲ, ಮಟ್ಟ. ಸೊಂಟದ ಮುಂಭಾಗದಲ್ಲಿ ಎರಡು ಕಡೆ ಕೈಗೆ ಸಿಗುವ ಮೂಳೆಗಳಿವೆಯಲ್ಲ, ಅವೆರಡೂ ಒಂದೇ ಮಟ್ಟದಲ್ಲಿರಬೇಕು. ಬಹಳಷ್ಟು ಜನರಿಗೆ ಒಳ್ಳೆಯ ಕಾಲಿನ ಕಡೆ ಮೇಲೇಳುತ್ತದೆ, ಸ್ಟಂಪ್ ಕಡೆ ಜೋತು ಬೀಳುತ್ತದೆ.

ಇದನ್ನು ಇಷ್ಟು ಹೇಳಲು ಕಾರಣ ಇದೆ. ಸಾದಾ ಯಾಂತ್ರಿಕ ಮಂಡಿ ಇರುವ ಕೃತಕ ಕಾಲು ಹಾಕಿ ಹಿಮ್ಮಡಿ ಊರಿದ ಕೂಡಲೇ ತೊಡೆಯನ್ನು ಸಾಕೆಟ್‌ನೊಳಗೆ, ಅಂದರೆ ಸ್ಟಂಪ್ ಕೂರುವ ಬಟ್ಟಲಿನೊಳಗೆ, ಹಿಂದಕ್ಕೆ ಒತ್ತಬೇಕು. ಒತ್ತಿದರೆ ಮಂಡಿ ನೇರ ನಿಲ್ಲುತ್ತದೆ. ಒತ್ತದಿದ್ದರೆ ಮಡಿಸಿಕೊಳ್ಳುತ್ತದೆ, ಮನುಷ್ಯ ನೆಲಕ್ಕೆ. ಟವೆಲ್ ಸುರುಳಿಯನ್ನು ಒತ್ತುವ ಪಿರ್ರೆಯ ಸ್ನಾಯುವೇ ಅಲ್ಲಿ ಮಂಡಿಯನ್ನು ಕಾಯುವುದು. ಮಂಚದ ಮೇಲೆ ಮಾಡಿದ ಕೆಲಸ ಇಷ್ಟು ನೇರವಾಗಿ ನಡಿಗೆಗೆ ಬರುವ ಇನ್ನೊಂದು ವ್ಯಾಯಾಮ ನನಗೆ ಕಂಡಿಲ್ಲ.

ಮಗ್ಗುಲಲ್ಲಿ ಮಲಗಿ ಸ್ಟಂಪ್ ಎತ್ತುವುದು ಇನ್ನೊಂದು. ಒಂಟಿ ಕಾಲಲ್ಲಿ ನಿಂತಾಗ ಸೊಂಟದ ಇನ್ನೊಂದು ಪಕ್ಕ ಕೆಳಗೆ ಜಾರದಂತೆ ಹಿಡಿಯುವುದು ಸೊಂಟದ ಹೊರಗಿನ ಸ್ನಾಯು. ಕೃತಕ ಕಾಲಿನ ಮೇಲೆ ನಿಂತಾಗ ಅದು ಸಾಲದೆ ಬಂದರೆ ಮೈಯನ್ನೇ ಆ ಕಡೆ ವಾಲಿಸಬೇಕಾಗುತ್ತದೆ. ಕಂಕುಳಲ್ಲಿ ತುಂಬಿದ ಕೊಡ ಹೊತ್ತವರು ಎದುರು ಪಕ್ಕಕ್ಕೆ ವಾಲಿ ನಡೆಯುತ್ತಾರಲ್ಲ, ಹಾಗೆ. ವ್ಯಾಯಾಮಕ್ಕೆ ಒಳ್ಳೆಯ ಕಾಲು ಕೆಳಗಿರುವಂತೆ ಮಗ್ಗುಲಾಗಿ, ಬೆನ್ನು ಗೋಡೆಗೆ ತಾಗಿಸಿ ಮಲಗಿ. ಗೋಡೆ ಯಾಕೆಂದರೆ, ಸ್ಟಂಪ್ ಎತ್ತಿ ಅಂದರೆ ಎಲ್ಲರೂ ಸೊಂಟವನ್ನು ಹಿಂದಕ್ಕೆ ಹೊರಳಿಸಿ ಸ್ಟಂಪನ್ನು ಮುಂದಕ್ಕೆ ತರುತ್ತಾರೆ. ಬಲವಾಗಿರುವ ಮುಂದಿನ ಸ್ನಾಯುವೇ ಮತ್ತೆ ಕೆಲಸ ಮಾಡುತ್ತದೆ, ಬೇಕಾದದ್ದು ಮಲಗಿರುತ್ತದೆ. ಸ್ಟಂಪ್ ತುಸು ಹಿಂದೆಯೇ ಇರಲಿ, ಎತ್ತುವುದು ಸ್ವಲ್ಪವೇ ಇರಲಿ. ಇದರ ಜೋಡಿಯಾಗಿ ತೊಡೆಗಳ ನಡುವೆ ಮಡಿಸಿದ ಟವೆಲ್ ಇಟ್ಟು ಒತ್ತುವುದನ್ನೂ ಮಾಡಬೇಕು. ತುಂಡಾಗಿ ಸೊರಗಿದ ಒಳತೊಡೆಗೆ ಅದೇ ಆಹಾರ.

ಪುಸ್ತಕದಲ್ಲಿರುವ ಪಿಲಾಟೀಸ್ ಅನ್ನು ಹಾಗೇ ಮಾಡಿಸಿದರೆ ಎಡವಟ್ಟಾಗುವುದು ಈ ಜಾಗದಲ್ಲಿ. ಪುಸ್ತಕದ ವ್ಯಾಯಾಮಗಳೆಲ್ಲ ಎರಡು ಸಮ ಕಾಲು ಇವೆ ಎಂದು ಲೆಕ್ಕ ಹಾಕಿದವು. ಅಂಗಾತ ಮಲಗಿ ಕಾಲು ಎತ್ತುವುದನ್ನೇ ನೋಡಿ. ಉದ್ದದ ಕಾಲು ಎತ್ತಿದಾಗ ಅದರ ಭಾರಕ್ಕೆ ಸೊಂಟ ತಿರುಗಲು ನೋಡುತ್ತದೆ, ಹೊಟ್ಟೆ ಅದನ್ನು ತಡೆಯುತ್ತದೆ. ಸ್ಟಂಪ್ ಎತ್ತಿದರೆ ಏನೂ ಅನಿಸುವುದಿಲ್ಲ, ಹಗುರ, ಗಿಡ್ಡ. ಎರಡೂ ಕಡೆ ಹತ್ತತ್ತು ಸಲ ಮಾಡಿಸಿದರೆ ಒಂದು ಕಡೆ ದಣಿಯುತ್ತದೆ, ಇನ್ನೊಂದು ಕಡೆ ಬರೀ ಅಲ್ಲಾಡಿಸಿದ ಹಾಗೆ. ಹಾಗಾಗಿ ಸ್ಟಂಪಿಗೆ ಕೈಯಿಂದ ಅಥವಾ ಎಲಾಸ್ಟಿಕ್ ಪಟ್ಟಿಯಿಂದ ತಡೆ ಕೊಡಬೇಕು.

ಮಲಗಿದಲ್ಲಿಂದ ಕೈ ಚಾಚಿ ಎದ್ದು ಕೂರುವ ವ್ಯಾಯಾಮದಲ್ಲಿ ಉಲ್ಟಾ. ನಾವು ಎದ್ದು ಕೂರುವಾಗ ಮೈಯ ಮೇಲ್ಭಾಗವನ್ನು ಎಳೆದು ಎಬ್ಬಿಸಲು ಕಾಲುಗಳ ತೂಕ ಆ ಕಡೆ ಲಂಗರು ಹಾಕಿದಂತೆ ಇರುತ್ತದೆ. ಒಂದು ಕಾಲಿಲ್ಲದಿದ್ದರೆ ಏಳುವುದು ಕಷ್ಟ ಆಗುತ್ತದೆ, ಮೈ ಒಂದು ಪಕ್ಕಕ್ಕೆ ತಿರುಚುತ್ತದೆ. ಎರಡೂ ಕಾಲು ಹೋದವರಿಗೆ ಹೊಟ್ಟೆ ಎಷ್ಟೇ ಗಟ್ಟಿ ಇದ್ದರೂ ತೊಡೆಗಳೇ ಮೇಲೇಳುತ್ತವೆ. "ನನ್ನ ಹೊಟ್ಟೆಯಲ್ಲಿ ಶಕ್ತಿ ಇಲ್ಲ" ಅಂತ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಶಕ್ತಿ ಇದೆ, ಎದುರು ತೂಕ ಇಲ್ಲ ಅಷ್ಟೆ. ಅದರ ಬದಲು ಕೂತಲ್ಲಿಂದ ಅರ್ಧಕ್ಕೆ ಹಿಂದೆ ವಾಲಿ ವಾಪಸ್ ಬರುವುದು ಒಳ್ಳೆಯದು. ಮೂಳೆ ಸವೆದಿರುವ ವಯಸ್ಸಾದವರಿಗೆ ಬೆನ್ನು ಗುಂಡಗೆ ಬಾಗಿಸುವ ಈ ಜಾತಿಯ ವ್ಯಾಯಾಮವೇ ಬೇಡ.

ಮಲಗಿ ಮಾಡುವುದನ್ನೆಲ್ಲ ಕೃತಕ ಕಾಲು ಬಿಚ್ಚಿಟ್ಟು ಮಾಡುವುದು ವಾಸಿ. ತೊಡೆಯ ಸಾಕೆಟ್‌ನ ಅಂಚು ತೊಡೆಸಂದಿಗೆ ಒತ್ತುತ್ತದೆ, ಚರ್ಮ ಕೆಂಪಾಗುತ್ತದೆ. ಗಾಯ ಮಾದು, ಊತ ಇಳಿದು ಮೊದಲ ಕಾಲು ಹಾಕುವುದು ಸಾಮಾನ್ಯವಾಗಿ ಆರೆಂಟು ವಾರಗಳ ಮೇಲೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ತಡ. ಆ ನಡುವಿನ ದಿನಗಳೇ ಮಂಚದ ವ್ಯಾಯಾಮಕ್ಕೆ ಚಿನ್ನದಂಥ ಸಮಯ. "ಕಾಲು ಬರಲಿ, ಆಮೇಲೆ ನೋಡೋಣ" ಅಂತ ಕೂತವರು ಕಾಲು ಬಂದ ಮೇಲೆ ಪಡುವ ಪಾಡು ನೋಡಲಾಗುವುದಿಲ್ಲ.

ಕಾಲು ಹಾಕಿದ ಮೇಲೆ ನಿಂತು ಮಾಡುವ ಕೆಲಸ ಶುರು. ಇಲ್ಲಿ ಒಂದು ಹಳೆಯ ಸರಳ ಉಪಾಯ ಇದೆ. ತೂಕ ನೋಡುವ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಡಿ. ಎರಡು ಕಡೆ ಹಿಡಿದುಕೊಳ್ಳಲು ಸರಳು ಇರಬೇಕು. ಒಂದೊಂದು ಪಾದ ಒಂದೊಂದರ ಮೇಲೆ. 60 ಕೆ.ಜಿ. ಇರುವವರು "ಸಮ ನಿಂತಿದ್ದೀನಿ" ಅನ್ನುತ್ತಿರುತ್ತಾರೆ, ಮುಳ್ಳು ಒಳ್ಳೆಯ ಕಾಲಿನ ಕಡೆ 42, ಕೃತಕ ಕಾಲಿನ ಕಡೆ 18 ಅಂತಿರುತ್ತದೆ. ಮುಳ್ಳು ಸುಳ್ಳು ಹೇಳುವುದಿಲ್ಲ. ಆಗ ಹೊಟ್ಟೆಯನ್ನು ಮೆಲ್ಲಗೆ ಒಳತಂದು, ಪಿರ್ರೆ ಬಿಗಿದು, ಸೊಂಟವನ್ನು ಸಮವಾಗಿ ಇಟ್ಟುಕೊಂಡೇ ಕೃತಕ ಕಾಲಿನ ಮೇಲೆ ಸರಿಯಲು ಹೇಳಬೇಕು. ಭುಜ ವಾಲಿಸಿದರೂ ಮುಳ್ಳು ಏರುತ್ತದೆ, ಆದರೆ ಅದು ಲೆಕ್ಕಕ್ಕಿಲ್ಲ. ಸೊಂಟ ಸರಿಯಬೇಕು. ಕೃತಕ ಕಾಲಿನ ಮೇಲೆ ಭರವಸೆ ಇಲ್ಲದವರು ಅದರ ಮೇಲೆ ಬೇಗ ನಿಂತು ಬೇಗ ಬಿಡುತ್ತಾರೆ, ಒಳ್ಳೆಯ ಕಾಲನ್ನು ಗಡಿಬಿಡಿಯಲ್ಲಿ ಹತ್ತಿರವೇ ಇಡುತ್ತಾರೆ. ಕುಂಟುವಂತೆ ಕಾಣುವುದು ಅದರಿಂದ. ಒಳ್ಳೆಯ ಕಾಲಿನ ಮಂಡಿ ವರ್ಷಗಟ್ಟಲೆ ಈ ಹೆಚ್ಚಿನ ಭಾರ ಹೊತ್ತು ಸವೆಯುವುದೂ ಉಂಟು.

ದೊಡ್ಡ ಊರುಗಳ ಸ್ಟುಡಿಯೋಗಳಲ್ಲಿ ರಿಫಾರ್ಮರ್ ಅನ್ನುವ ಯಂತ್ರ ಇರುತ್ತದೆ. ಹಳಿಯ ಮೇಲೆ ಸರಿಯುವ ಹಾಸು, ಅದಕ್ಕೆ ಸ್ಪ್ರಿಂಗ್‌ಗಳು. ಬೀಳುವ ಭಯವಿಲ್ಲದೆ ಮಲಗಿಕೊಂಡೇ ಕಾಲಿನಿಂದ ಒತ್ತುವ ಅಭ್ಯಾಸ ಅದರಲ್ಲಿ ಚೆನ್ನಾಗಿ ಆಗುತ್ತದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ. ಟವೆಲ್, ಎಲಾಸ್ಟಿಕ್ ಪಟ್ಟಿ, ಹಲಗೆ ಮಂಚದಲ್ಲಿ ಆಗದ್ದು ಬಹಳ ಕಡಿಮೆ.

ಫಲದ ಬಗ್ಗೆ ನೇರವಾಗಿ ಹೇಳಿಬಿಡಬೇಕು. ಬೆನ್ನುನೋವಿಗೆ ಪಿಲಾಟೀಸ್ ಕುರಿತ ಹತ್ತು ಪ್ರಯೋಗಗಳನ್ನು 2015ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಒಟ್ಟಿಗೆ ನೋಡಿತು. ಏನೂ ಮಾಡದೆ ಇರುವುದಕ್ಕಿಂತ ಇದು ಮೇಲು, ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲು ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದಿತು. ಕಾಲು ಕಳೆದುಕೊಂಡವರ ಮೇಲೇ ನಡೆದ ದೊಡ್ಡ ಪ್ರಯೋಗಗಳು ವಿರಳ. ಹಾಗಾಗಿ "ಪಿಲಾಟೀಸ್ ಮಾಡಿ, ಊರುಗೋಲು ಬಿಸಾಕಿ" ಅನ್ನುವವರನ್ನು ನಂಬಬೇಡಿ. ನಡಿಗೆ ತರಬೇತಿ, ಸಾಕೆಟ್ ಸರಿಯಾಗಿ ಕೂರುವುದು, ಸ್ಟಂಪಿಗೆ ಕ್ರೇಪ್ ಬ್ಯಾಂಡೇಜ್ ಸುತ್ತುವುದು ಇವುಗಳ ಜೊತೆಗೆ ಇದು ಒಂದು ಅಂಗ. ಬದಲಿ ಅಲ್ಲ.

ಇಲ್ಲದ ಕಾಲಿನಲ್ಲಿ ಉರಿ, ಸೆಳೆತ ಬರುತ್ತದಲ್ಲ, ಅದಕ್ಕೂ ಇದು ಮದ್ದಲ್ಲ. 16ನೇ ಶತಮಾನದಲ್ಲೇ ಫ್ರಾನ್ಸಿನ ಸರ್ಜನ್ ಆಂಬ್ರೋಸ್ ಪಾರೆ ದಾಖಲಿಸಿದ್ದ ನೋವು ಅದು. ಕನ್ನಡಿ ಇಟ್ಟು ಒಳ್ಳೆಯ ಕಾಲಿನ ಬಿಂಬ ನೋಡುತ್ತಾ ಮಾಡುವ ಅಭ್ಯಾಸವನ್ನು ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅದಕ್ಕೆಂದೇ ರೂಪಿಸಿದರು, ಔಷಧಿಗಳೂ ಇವೆ. ಉಸಿರಿನ ಅಭ್ಯಾಸದಿಂದ ಮೈ ಸಡಿಲಗೊಂಡು ರಾತ್ರಿ ನಿದ್ದೆ ಬಂದರೆ ಅದೇ ಲಾಭ ಅಂದುಕೊಳ್ಳಿ.

ಪಿಲಾಟೀಸ್ ಅನ್ನು ಬರಿಗಾಲಲ್ಲಿ ಮಾಡುವುದು ರೂಢಿ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋದವರು ಈ ರೂಢಿಯನ್ನು ದಯವಿಟ್ಟು ಮುರಿಯಿರಿ. ಉಳಿದಿರುವ ಪಾದಕ್ಕೂ ಸ್ಪರ್ಶ ಕಡಿಮೆಯಾಗಿರುತ್ತದೆ. ಸಣ್ಣ ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ, ಅದೇ ಹುಣ್ಣಾಗಿ ಆ ಕಾಲಿಗೂ ಕುತ್ತು ಬರುತ್ತದೆ. ಹಗುರವಾದ ಶೂ ಹಾಕಿ, ಮುಗಿದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಸ್ಟಂಪನ್ನೂ ನೋಡಿ. ಕೆಂಪು ಹತ್ತು ನಿಮಿಷ ಕಳೆದರೂ ಹೋಗದಿದ್ದರೆ, ಗುಳ್ಳೆ, ಕೀವು, ಹೊಸ ಬಿಸಿ ಕಂಡರೆ ವ್ಯಾಯಾಮ ನಿಲ್ಲಿಸಿ ತೋರಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬೇಡಿ. ಬೆವರು, ನಡುಕ ಬಂದರೆ ಕುಡಿಯಲು ಸಕ್ಕರೆ ನೀರು ಪಕ್ಕದಲ್ಲೇ ಇರಲಿ. ಎದೆನೋವು, ವಿಪರೀತ ಏದುಸಿರು ಬಂದರೆ ಆಸ್ಪತ್ರೆಗೇ ಹೋಗಬೇಕು.

ಎಲ್ಲಿ ಕಲಿಯುವುದು? ಪಿಲಾಟೀಸ್ ಬೋರ್ಡ್ ಹುಡುಕುವ ಮೊದಲು ಫಿಸಿಯೋ ಹುಡುಕಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ. 1994ರಿಂದ ಬೆಂಗಳೂರಿನಲ್ಲಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಕೃತಕ ಅವಯವ ಕೊಡುವುದರ ಜೊತೆಗೆ ತರಬೇತಿಯನ್ನೂ ನೋಡಿಕೊಳ್ಳುತ್ತವೆ. ಸ್ಟುಡಿಯೋಗೇ ಹೋಗುವಿರಾದರೆ ಮೊದಲ ದಿನ ಒಂದು ಪ್ರಶ್ನೆ ಕೇಳಿ: "ನನಗೆ ಸೇತುವೆ ಹೇಗೆ ಮಾಡಿಸ್ತೀರಿ?" ಟವೆಲ್ ಸುರುಳಿಯ ಮಾತು ಬಂದರೆ ಗುರುಗಳಿಗೆ ವಿಷಯ ಗೊತ್ತಿದೆ. "ಒಂದೇ ಕಾಲಲ್ಲಿ ಮಾಡಿ" ಅಂದರೆ ಬೇರೆ ಕಡೆ ನೋಡಿ.

ಇನ್ನೊಂದು ವಿಷಯ, ನಮ್ಮ ಮನೆಗಳಿಗೇ ಸೇರಿದ್ದು. ಪಿಲಾಟೀಸ್ ವಿಡಿಯೋದಲ್ಲಿ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಶುರು ಮಾಡುತ್ತಾರೆ. ಕಾಲು ಕಳೆದುಕೊಂಡವರಿಗೆ ನೆಲಕ್ಕೆ ಇಳಿಯುವುದೂ ಏಳುವುದೂ ಬೇರೆಯೇ ಪಾಠ. ನಮ್ಮಲ್ಲಿ ಊಟ, ಪೂಜೆ, ಹರಟೆ ಎಲ್ಲ ನೆಲದ ಮೇಲೇ ಇರುವುದರಿಂದ ಅದನ್ನು ಕಲಿಯಲೇಬೇಕು. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದವನ್ನು ಮಾಡಿದ್ದೇ ಕುಕ್ಕರಗಾಲಲ್ಲಿ ಕೂರುವ, ಚಕ್ಕಳಮಕ್ಕಳ ಹಾಕುವ, ಬರಿಗಾಲಲ್ಲಿ ಹೊಲದಲ್ಲಿ ನಡೆಯುವ ಜನರಿಗಾಗಿ. ಮೊದಲ ವಾರಗಳು ಮಂಚದ ಮೇಲೆ. ಸೇತುವೆ ಮಟ್ಟವಾಗಿ ಎದ್ದು ಉಸಿರು ಕಟ್ಟದೆ ಒಂದಷ್ಟು ಹೊತ್ತು ನಿಲ್ಲುವಂತಾದ ಮೇಲೆ, ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಫಿಸಿಯೋ ಪಕ್ಕದಲ್ಲಿರುವಾಗ ಇಳಿಯುವುದನ್ನು ಕಲಿಯಿರಿ. ಎರಡೂ ಕೈ ಕುರ್ಚಿಯ ಮೇಲೆ, ಕೃತಕ ಕಾಲು ಹಿಂದಕ್ಕೆ, ಒಳ್ಳೆಯ ಮಂಡಿ ನಿಧಾನವಾಗಿ ಮಡಿಸುತ್ತಾ, ಉಸಿರು ಬಿಡುತ್ತಾ ಕೆಳಕ್ಕೆ. ಏಳುವಾಗ ಮೊದಲು ಒಳ್ಳೆಯ ಪಾದ ಊರಿ, ಕೈಗಳಿಂದ ಕುರ್ಚಿಯನ್ನು ಒತ್ತಿ, ಕೃತಕ ಕಾಲನ್ನು ಕೊನೆಗೆ ತರಬೇಕು. ಚಕ್ರ ಇರುವ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ ಎರಡೂ ಬೇಡ.